ನಾಲ್ಕು ಅಂಕದ ಪ್ರಶ್ನೆ, ಒಂದು ಮುಡಿ ಅಕ್ಕಿ

ಆಸಾಡಿಯ ಮಳೆ ಕುಟ್ಟಿ ಹೊಯ್ಯುತ್ತಿದ್ದ ಒಂದು ಮುಸ್ಸಂಜೆ. ಕರೆಂಟು ಹೋಗಿ ಗಂಟೆ ಕಳೆದಿತ್ತು. ಆಸಾಡಿಯಲ್ಲಿ ನಮ್ಮ ಕುಂದಾಪುರದ ಕಡೆ ಕರೆಂಟು ಹೋಯಿತೆಂದು ಯಾರೂ ಹೇಳುವುದಿಲ್ಲ, ಬಂದರೆ ಹೇಳುತ್ತಾರೆ. ತಂಗಿಯ ಮಗಳು ಚಾವಡಿಯಲ್ಲಿ ಚಾರ್ಜಿನ ದೀಪ ಇಟ್ಟುಕೊಂಡು ಸಮಾಜ ಪುಸ್ತಕ ಬಿಡಿಸಿದ್ದಳು. ಮೂಲೆಯಲ್ಲಿ ನನ್ನ ಅಮ್ಮ ಗೆರಸಿಯಲ್ಲಿ ಕುಚ್ಚಿಗೆ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಈಗಿನ ಮಿಲ್ಲಿನ ಅಕ್ಕಿಯಲ್ಲಿ ಕಲ್ಲು ಎಲ್ಲಿಂದ ಬರಬೇಕು? ಆದರೂ ಎಂಬತ್ತೆಂಟರ ಕೈಗೆ ಕೆಲಸ ಬೇಕಲ್ಲ.

"ಮಾವ, ಪೋರ್ಚುಗೀಸರು ಭಾರತಕ್ಕೆ ಬರಲು ಕಾರಣಗಳೇನು? ನಾಲ್ಕು ಅಂಕ."

ನಾಲ್ಕು ಅಂಕ ಎಂದರೆ ನಾಲ್ಕು ಕಾರಣ. ಐದಿದ್ದರೆ ಒಂದನ್ನು ಬಿಡಬೇಕು, ಮೂರೇ ಇದ್ದರೆ ಒಂದನ್ನು ಹುಟ್ಟಿಸಬೇಕು. ಅದು ಪರೀಕ್ಷೆಯ ನ್ಯಾಯ. ಅವಳ ಪುಸ್ತಕದಲ್ಲಿ ನಾಲ್ಕೂ ಸಾಲಾಗಿ ನಿಂತಿದ್ದವು: ಸಾಂಬಾರ ಪದಾರ್ಥಗಳ ಬೇಡಿಕೆ, ಧರ್ಮಪ್ರಚಾರ, ತುರ್ಕರು ಭೂಮಾರ್ಗ ಮುಚ್ಚಿದ್ದು, ರಾಜರ ಪ್ರೋತ್ಸಾಹ. ಬಾಯಿಪಾಠ ಮಾಡಿ ಒಪ್ಪಿಸಿದಳು. ಸರಿ ಇದೆ ಎನ್ನಬೇಕು, ಅಷ್ಟರಲ್ಲಿ ಮೂಲೆಯಿಂದ ಅಮ್ಮನ ದನಿ ಬಂತು:

"ಅದೆಲ್ಲಾ ಸೈ ಮಾಣಿ. ಅವ್ರ್ ಇಲ್ಲಿಗ್ ಬಂದ್ಮೇಲ್ ಉಂಬುದ್ ಎಂತ?"

ಅರವತ್ತೆರಡು ವರ್ಷದ ನಾನು ಅವಳಿಗೆ ಇನ್ನೂ ಮಾಣಿಯೇ. ಹುಡುಗಿ ನಕ್ಕಳು. "ಪುಸ್ತಕ್ದಲ್ ಅದೆಲ್ಲ ಇಲ್ಲ ಅಮ್ಮಮ್ಮ" ಎಂದಳು. ನಾನೂ ನಗಲು ಹೊರಟು ಅರ್ಧಕ್ಕೇ ನಿಂತೆ. ಯಾಕೆಂದರೆ ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ನೋಡಿದವನು. ಅರ್ಜಿಯಲ್ಲಿ 'ಸಾಲದ ಉದ್ದೇಶ' ಎಂದು ಒಂದು ಖಾನೆ ಇರುತ್ತದೆ. ಅದರಲ್ಲಿ 'ತೋಟದ ಅಭಿವೃದ್ಧಿ' ಎಂದು ಮುದ್ದಾಗಿ ಬರೆದಿರುತ್ತದೆ. ತನಿಖೆಗೆಂದು ಹೋದರೆ ತೋಟ ಇದ್ದ ಹಾಗೇ ಇರುತ್ತದೆ, ಅಂಗಳದಲ್ಲಿ ಮಾತ್ರ ಮಗಳ ಮದುವೆಯ ಚಪ್ಪರ ಎದ್ದಿರುತ್ತದೆ. ಬರೆದದ್ದು ಸುಳ್ಳೆಂದಲ್ಲ. ತೋಟ ಮಾಡುವ ಮನಸ್ಸೂ ಅವರಿಗಿತ್ತು. ಆದರೆ ದುಡ್ಡು ಎಲ್ಲಿ ಖರ್ಚಾಯಿತು ಎಂದು ನೋಡಿದರೆ ಉದ್ದೇಶದ ಖಾನೆ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ದೊರೆಗಳೂ ಅರ್ಜಿ ಬರೆಯುವವರೇ. ಮೊದಲು ನಾಲ್ಕನೆಯ ಕಾರಣವನ್ನೇ ತೆಗೆದುಕೊಳ್ಳಿ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿ ಹಿಂತಿರುಗಿದ್ದೇ ತಡ, ಪೋರ್ಚುಗಲ್ಲಿನ ದೊರೆ ಮನುವೆಲ್ ತನ್ನ ಬಿರುದಾವಳಿಗೆ ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಭಾರತಗಳ ದಿಗ್ವಿಜಯ, ನೌಕಾಯಾನ, ವ್ಯಾಪಾರಗಳ ಒಡೆಯ ಎಂದು ಸೇರಿಸಿಕೊಂಡ. ಆಗ ಅವನಿಗೆ ಇಲ್ಲಿ ಒಂದು ಗೇಣು ನೆಲವೂ ಇರಲಿಲ್ಲ. ನಮ್ಮ ಕಡೆಯ ಮದುವೆಯ ಕಾಗದದಲ್ಲಿ ಹುಡುಗನ ಹೆಸರಿನ ಕೆಳಗೆ ಇನ್ನೂ ಸೇರದ ಕಂಪನಿಯ ಹೆಸರು ಅಚ್ಚಾಗುವುದಿಲ್ಲವೇ, ಹಾಗೆ. ಫ್ರಾನ್ಸಿನ ದೊರೆ ಇವನನ್ನು ಜಿನಸಿ ಅಂಗಡಿಯ ರಾಜ ಎಂದು ಹಂಗಿಸಿದನಂತೆ. ಹೊಟ್ಟೆಕಿಚ್ಚು, ಮತ್ತೇನಲ್ಲ. ಅಂದಿನ ಪೋರ್ಚುಗಲ್ಲಿನ ಜನ ಹತ್ತರಿಂದ ಹದಿನೈದು ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಉಡುಪಿ ಜಿಲ್ಲೆಯೊಂದರಲ್ಲೇ 11.77 ಲಕ್ಷ ಜನ. ಅಂದರೆ ಬೈಂದೂರಿನಿಂದ ಕಾಪುವಿನ ತನಕದ ನಾವಿಷ್ಟೇ ಮಂದಿ ಸೇರಿ ಹಡಗು ಹತ್ತಿ ಬ್ರೆಜಿಲ್‌ನಿಂದ ಮಲಾಕ್ಕದವರೆಗೆ ಯಜಮಾನಿಕೆ ಮಾಡಲು ಹೊರಟಂತೆ. ಗ್ರಾಮ ಪಂಚಾಯತಿಯ ಸಭೆಗೇ ಕೋರಂ ಆಗದ ನಮಗೆ ಅದು ಊಹೆಗೂ ಸಿಗುವುದಿಲ್ಲ.

ಮೂರನೆಯ ಕಾರಣ ನಾನೂ ಶಾಲೆಯಲ್ಲಿ ಕಲಿತದ್ದೇ. 1453ರಲ್ಲಿ ತುರ್ಕರು ಕಾನ್ಸ್ಟಾಂಟಿನೋಪಲ್ ಹಿಡಿದರು, ದಾರಿ ಮುಚ್ಚಿತು, ಪಾಪ ಇವರು ಸಮುದ್ರಕ್ಕಿಳಿದರು. ಓದಲು ಚಂದವಾಗಿದೆ. ಆದರೆ ಮೆಣಸು ಬರುತ್ತಿದ್ದ ಹೆದ್ದಾರಿ ಕೆಂಪು ಸಮುದ್ರ ಹಾದು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ, ಅಲ್ಲಿಂದ ವೆನಿಸ್ಸಿಗೆ. ಈಜಿಪ್ಟು ತುರ್ಕರ ಕೈಸೇರಿದ್ದು 1517ರಲ್ಲಿ. ಅಷ್ಟರೊಳಗೆ ಪೋರ್ಚುಗೀಸರು ಗೋವೆಯಲ್ಲಿ ಕೂತು ಏಳು ವರ್ಷವಾಗಿತ್ತು. ದಾರಿ ಮುಚ್ಚಿರಲಿಲ್ಲ. ದಾರಿಯಲ್ಲಿ ವೆನಿಸ್ಸಿನವರು ಕೂತು ಲಾಭ ಎಣಿಸುತ್ತಿದ್ದರು. ಇವರಿಗೆ ನೋಡಲಾಗಲಿಲ್ಲ. ಆದರೆ 'ಪಕ್ಕದ ಅಂಗಡಿಯವನ ಗಲ್ಲಾಪೆಟ್ಟಿಗೆ ಕಂಡು ನಿದ್ದೆ ಬರಲಿಲ್ಲ' ಎಂದು ಬರೆದರೆ ಒಂದು ಅಂಕ ಯಾರು ಕೊಡುತ್ತಾರೆ?

ಎರಡನೆಯದು ಧರ್ಮ. ಇದನ್ನು ಬರೀ ನೆಪ ಎಂದು ತಳ್ಳಿಹಾಕುವವನು ನಾನಲ್ಲ. ಸಾವಿರಾರು ಮೈಲಿ ಕೊಳೆತ ನೀರು ಕುಡಿದು, ಒಸಡು ಬಾತು ಸಾಯುವುದಕ್ಕೆ ತಯಾರಾಗಿ ಬರಲು ಲಾಭವೊಂದೇ ಸಾಲದು, ನಂಬಿಕೆಯೂ ಬೇಕು. ಪೂರ್ವದಲ್ಲೆಲ್ಲೋ ಕ್ರೈಸ್ತ ದೊರೆಯೊಬ್ಬನಿದ್ದಾನೆ, ಅವನ ಕೈಹಿಡಿದರೆ ಮುಸಲ್ಮಾನರನ್ನು ಎರಡೂ ಕಡೆಯಿಂದ ಅಮುಕಬಹುದು ಎಂಬ ಆಸೆ ಅವರಿಗಿತ್ತು. ದೊರೆ ಸಿಗಲಿಲ್ಲ. ಕೇರಳದಲ್ಲಿ ಸಿರಿಯನ್ ಕ್ರೈಸ್ತರು ಸಿಕ್ಕರು. ಅವರ ಕ್ರಮ ಸರಿಯಿಲ್ಲವೆಂದು 1599ರಲ್ಲಿ ಉದಯಂಪೇರೂರಿನಲ್ಲಿ ಸಭೆ ಕೂಡಿಸಿ ಅವರನ್ನು ರೋಮಿನ ಕ್ರಮಕ್ಕೆ ತಂದರು. ಈಗ ನಮ್ಮ ಬ್ರಹ್ಮಾವರಕ್ಕೆ ಬನ್ನಿ. ಇಲ್ಲಿ ಗೋವೆ ಮೂಲದ ಕೊಂಕಣಿ ಕ್ರೈಸ್ತರು. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿನ ದೊರೆಗೂ ಇಗರ್ಜಿಗಳ ಅಧಿಕಾರದ ಬಗ್ಗೆ ಹೊಸ ಒಪ್ಪಂದವಾದಾಗ ಕೆಲವರು ಅದಕ್ಕೆ ಒಪ್ಪಲಿಲ್ಲ. ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂಗೆ ಹೋಗಿ ಸಿರಿಯನ್ ಸಭೆಯ ಬಿಷಪ್ ಪಟ್ಟ ಪಡೆದು ಬಂದರು. ಅವರನ್ನು ನಂಬಿದ ಬ್ರಹ್ಮಾವರದ ಕುಟುಂಬಗಳು ಸಿರಿಯನ್ ಆರ್ಥಡಾಕ್ಸ್ ಆದವು. ಅವರ ಇಗರ್ಜಿ ಇವತ್ತಿಗೂ ಬ್ರಹ್ಮಾವರದಲ್ಲಿದೆ. ಸಿರಿಯನ್ನರನ್ನು ರೋಮಿಗೆ ಸೇರಿಸಿದವರ ಕೈಯಲ್ಲೇ ಕ್ರೈಸ್ತರಾದವರ ಮಕ್ಕಳು ಇನ್ನೂರ ತೊಂಬತ್ತು ವರ್ಷದ ಮೇಲೆ ತಾವೇ ಸಿರಿಯನ್ನರಾದರು. ದೇವರಿಗೂ ಹರಟೆಯ ಚಟ ಇದ್ದಿರಬೇಕು.

ಇನ್ನು ಮೊದಲನೆಯ ಕಾರಣ, ಮೆಣಸು. ನಮ್ಮ ಘಟ್ಟದ ಬುಡದ ಬೆಳೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಬೈಂದೂರಿನಾಚೆಯ ಭಟ್ಕಳವನ್ನು 1542ರಲ್ಲಿ ಸುಟ್ಟು ಸೂರೆ ಮಾಡಿದರು. ಮೆಣಸು ಒಯ್ದರು ನಿಜ. ಬದಲಿಗೆ ಏನು ಬಿಟ್ಟುಹೋದರು ಗೊತ್ತೇ? ಅಮೆರಿಕದ ಕಡೆಯಿಂದ ತಂದ ಒಂದು ಕೆಂಪು ಕಾಯಿ. ಅದೂ ಖಾರವೇ ಆದ್ದರಿಂದ ನಮ್ಮವರು ಅದಕ್ಕೂ ಮೆಣಸಿನದೇ ಹೆಸರು ಇಟ್ಟರು. ಆಮೇಲೆ ಯಾವ ಮೆಣಸು ಎಂಬ ಗೊಂದಲ ಹುಟ್ಟಿ, ಹಳೆಯದು ಪಾಪ 'ಒಳ್ಳೆಮೆಣಸು' ಎಂದು ಹೇಳಿಸಿಕೊಳ್ಳಬೇಕಾಯಿತು. ಇವತ್ತು ಒಣಮೆಣಸು ಹುರಿದು ಹಾಕದ ಕುಂದಾಪುರದ ಕೋಳಿ ಸಾರನ್ನು ಕೋಳಿ ಸಾರು ಎಂದರೆ ಕೋಳಿಗೂ ಅವಮಾನ. ಊರಿನ ಹಿತ್ತಿಲಿನ ಪಪ್ಪಾಯಿ, ಅನಾನಸು, ಗುಡ್ಡೆಯ ಗೇರು, ಮನೆಯೊಳಗಿನ ಮೇಜು, ಚಾವಿ, ಅಲಮಾರು, ಬಾಲ್ದಿ ಎಲ್ಲ ಆ ಹಡಗಿನಲ್ಲೇ ಇಳಿದವು. ಅಮ್ಮನಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಮೆಣಸಿಲ್ಲದ ಅಡುಗೆಮನೆ ಇತ್ತೆಂದರೆ ಮನುಷ್ಯರೇ ಇರಲಿಲ್ಲ ಎಂದು ಅವಳ ತೀರ್ಮಾನ.

ಮೆಣಸು ತಿಂದು ಹೊಟ್ಟೆ ತುಂಬುವುದಿಲ್ಲ. ಅಲ್ಲಿಗೆ ಅಮ್ಮನ ಪ್ರಶ್ನೆಗೆ ಬಂದಂತಾಯಿತು.

ಗೋವೆ 1510ರಲ್ಲಿ ಅವರ ಕೈಗೆ ಬಂತು. ಕೋಟೆ ಕಟ್ಟಿದರು, ಇಗರ್ಜಿ ಕಟ್ಟಿದರು, ಸೈನಿಕರು, ಪಾದ್ರಿಗಳು, ಗುಮಾಸ್ತರು, ಆಳುಕಾಳು ಎಲ್ಲ ತುಂಬಿಕೊಂಡರು. ಅಷ್ಟು ಬಾಯಿಗೆ ಗೋವೆಯ ಗದ್ದೆ ಸಾಲಲಿಲ್ಲ. ಇನ್ನು ಪರ್ಷಿಯದ ಕೊಲ್ಲಿಯ ಬಾಯಲ್ಲಿ ಹಿಡಿದ ಹೊರ್ಮುಜ್ ದ್ವೀಪವಂತೂ ಉಪ್ಪಿನ ಗುಡ್ಡೆ, ಕುಡಿಯುವ ನೀರಿಗೂ ತತ್ವಾರ. ಮಸ್ಕತ್ತಿನ ಸುತ್ತ ಬಂಡೆ. ಈ ಎಲ್ಲ ಕಡೆಗೂ ಅಕ್ಕಿ ಬೇಕು. ಅಕ್ಕಿ ಇದ್ದದ್ದೆಲ್ಲಿ? ನಮ್ಮಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆ ಕೂಡುವ ಪಂಚಗಂಗಾವಳಿಯ ಒಳಗೆ ಬಸ್ರೂರು. ಹೊಳೆಯ ಎರಡೂ ಬದಿ ಗದ್ದೆ. 16ನೆಯ ಶತಮಾನದ ಮೊದಲಲ್ಲೇ ದುವಾರ್ತೆ ಬಾರ್ಬೊಸ ಎಂಬ ಪೋರ್ಚುಗೀಸ ಬಾರ್ಕೂರು, ಬಸ್ರೂರುಗಳಿಂದ ಅಕ್ಕಿ ಹೊತ್ತು ಹೊರ್ಮುಜ್ ಕಡೆಗೆ ಹೋಗುವ ಹಡಗುಗಳ ವಿಚಾರ ಬರೆದಿಟ್ಟಿದ್ದಾನೆ. ಅವರ ಲೆಕ್ಕದ ಕಾಗದಗಳಲ್ಲಿ ಅಕ್ಕಿ ಬರುವುದು 'ಫಾರ್ದೊ' ಲೆಕ್ಕದಲ್ಲಿ. ಫಾರ್ದೊ ಎಂದರೆ ಕಟ್ಟು, ಗಂಟು. ಬೈಹುಲ್ಲು ಸುತ್ತಿ, ಹುಲ್ಲಿನ ಹಗ್ಗ ಬಿಗಿದು ನಮ್ಮ ಅಜ್ಜಂದಿರು ಕಟ್ಟುತ್ತಿದ್ದ ಅಕ್ಕಿ ಮುಡಿ ಕಂಡವರಿಗೆ ಆ ಗಂಟು ಯಾವುದಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ದುಡ್ಡು ಕೊಟ್ಟು ಕೊಂಡರೆ ವ್ಯಾಪಾರ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಮುದ್ರದಲ್ಲಿ ಹೋಗುವ ಹಡಗು ಅವರ ರಹದಾರಿ ಚೀಟಿ ಪಡೆಯಬೇಕು, ಅದರ ಹೆಸರು ಕರ್ತಾಜ್. ಚೀಟಿ ಇಲ್ಲದ ಹಡಗನ್ನು ಸರಕಿನ ಸಮೇತ ಹಿಡಿದರು. ಸಾಸ್ತಾನದ ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಇಲ್ಲದವನಿಗೆ ಹೆಚ್ಚಿನ ಹಣವಾದರೂ ಕಟ್ಟಿ ಮುಂದೆ ಹೋಗಲು ಬಿಡುತ್ತಾರೆ. ಇವರು ಗಾಡಿಯನ್ನೇ ಇಟ್ಟುಕೊಳ್ಳುತ್ತಿದ್ದರು. ಕಡೆಗೆ 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯಿದೆ ಹಡಗಿನ ದಂಡು ಕಟ್ಟಿಕೊಂಡು ಬಂದು ಬಸ್ರೂರಿನಲ್ಲಿ ಕೋಟೆ ಎಬ್ಬಿಸಿದ. 1630ರ ಸುಮಾರಿಗೆ ಗಂಗೊಳ್ಳಿಯಲ್ಲೂ ಒಂದು ಕೋಟೆ ಬಂತು. ಮಳೆಗಾಲ ಕಳೆದು ಕಡಲು ತಣಿದ ಮೇಲೆ ಗೋವೆಯಿಂದ ಕಾವಲು ಹಡಗುಗಳು ಬರುವುದು, ಅಕ್ಕಿ ಹೇರಿದ ದೋಣಿಗಳ ಸಾಲನ್ನು ನಡುವೆ ಹಾಕಿಕೊಂಡು ಹೋಗುವುದು ವರ್ಷದ ವಾಡಿಕೆಯಾಯಿತು. ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಬಸ್ರೂರು ಬಂದರಿನ ಈ ಅಕ್ಕಿ ವ್ಯಾಪಾರದ ಮೇಲೆಯೇ ಒಂದು ದೀರ್ಘ ಲೇಖನ ಬರೆದಿದ್ದಾರೆ. ನಮ್ಮ ಗಂಜಿಗೆ ಅಂಥ ಯೋಗವೂ ಇತ್ತು.

ಇಲ್ಲೊಂದು ತಮಾಷೆ ನೋಡಿ. ಅಕ್ಕಿ ಕಾಯಲು ಕೋಟೆ ಬೇಕು. ಕೋಟೆಯಲ್ಲಿ ಸಿಪಾಯಿಗಳು ಬೇಕು. ಸಿಪಾಯಿಗಳು ಉಣ್ಣಬೇಕು, ಅದಕ್ಕೆ ಅಕ್ಕಿ ಬೇಕು. ಇಲಿ ಕಾಟಕ್ಕೆಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಹಸು, ಹಸು ಮೇಯಿಸಲೆಂದು ಹೆಂಡತಿಯನ್ನು ಕಟ್ಟಿಕೊಂಡ ಸನ್ಯಾಸಿಯ ಕಥೆಯೇ ಇದು. ಯಾವ ಕಾರಣಕ್ಕೆ ಹೊರಟೆವೆಂಬುದು ಮೂರು ತಲೆಮಾರಿನಲ್ಲಿ ಮರೆತುಹೋಗಿ, ಇದ್ದದ್ದನ್ನು ಉಳಿಸಿಕೊಳ್ಳುವುದೇ ಕಾರಣವಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದವರ ಎಷ್ಟು ಖಾತೆ ನಾನು ನೋಡಿಲ್ಲ!

ಇನ್ನೊಂದು ಚೋದ್ಯ ಇದಕ್ಕಿಂತ ದೊಡ್ಡದು. 1560ರಲ್ಲಿ ಗೋವೆಯಲ್ಲಿ ಧರ್ಮದ್ರೋಹ ವಿಚಾರಿಸುವ ನ್ಯಾಯಪೀಠ ಕೂತಿತು. ಅದಕ್ಕೆ ಮೊದಲೂ ಆಮೇಲೂ ಅಲ್ಲಿನ ಸಾರಸ್ವತರು ದೇವರ ಮೂರ್ತಿಗಳನ್ನು ಎದೆಗವಚಿಕೊಂಡು ದಕ್ಷಿಣಕ್ಕೆ ಬಂದರು. ಕೊಂಕಣಿ ಕ್ರೈಸ್ತರೂ ಬೇರೆ ಬೇರೆ ಕಾಲದಲ್ಲಿ ಬಂದರು. ಇಲ್ಲಿ ಬಂದ ಸಾರಸ್ವತರಲ್ಲಿ ಹಲವರು ವ್ಯಾಪಾರಿಗಳು. ಅವರಲ್ಲಿ ಹಲವರ ವ್ಯಾಪಾರ ಅಕ್ಕಿಯದು. ಅಂದರೆ ಊರು ಬಿಡಿಸಿದವನೇ ಮುಂದೆ ಗಿರಾಕಿಯಾಗಿ ಬಂದು ನಿಂತ. ಕೊಟ್ಟರು. ತೂಕದಲ್ಲಿ ಏನಾದರೂ ಸೇಡು ತೀರಿಸಿಕೊಂಡರೋ ಎಂದು ನನ್ನ ಬ್ಯಾಂಕಿನ ಬುದ್ಧಿ ಕೇಳುತ್ತದೆ.

ನಮ್ಮವರೆಲ್ಲ ಹಾಲು, ಬಂದವರೆಲ್ಲ ಹಾಲಾಹಲ ಎಂದು ಬರೆದರೆ ಚಪ್ಪಾಳೆ ಬೀಳಬಹುದು. ಆದರೆ 14ನೆಯ ಶತಮಾನದಲ್ಲಿ ಬಾರ್ಕೂರಿಗೆ ಬಂದ ಇಬ್ನ್ ಬತೂತ ಇಲ್ಲಿಯ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದುದನ್ನೂ, ಹಾದುಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಕೊಡಲೇಬೇಕಾದ್ದನ್ನೂ, ಕೊಡದಿದ್ದರೆ ಬೆನ್ನಟ್ಟಿ ಹಿಡಿಯುತ್ತಿದ್ದುದನ್ನೂ ಹೇಳುತ್ತಾನೆ. ಟೋಲ್ ಗೇಟು ನಮ್ಮಲ್ಲೂ ಇತ್ತು ಎಂದಾಯಿತು. ಆದರೆ ನಮ್ಮ ಅರಸ ತನ್ನ ಮನೆಯ ಬಾಗಿಲಲ್ಲಿ ಕೈ ಚಾಚಿದ. ಅವರು ಆರು ತಿಂಗಳ ದಾರಿ ಬಂದು ನಮ್ಮ ಬಾಗಿಲಲ್ಲಿ ಚಾಚಿದರು. ಶಾಸನಗಳಲ್ಲಿ 'ಹಂಜಮಾನ' ಎಂದು ಬರುವ ಪಡುಗಡಲಿನಾಚೆಯ ವರ್ತಕರ ಕೂಟ, ಪಾರಸಿಯ ಅಂಜುಮನ್, ಈ ಬಂದರುಗಳಲ್ಲಿ ಶತಮಾನಗಟ್ಟಲೆ ವ್ಯವಹಾರ ಮಾಡಿತ್ತು. ಅದಕ್ಕೆ ಕೋಟೆ ಬೇಕೆನಿಸಿರಲಿಲ್ಲ.

ಅಕ್ಕಿಯ ಸುಂಕದ ರುಚಿ ಘಟ್ಟದ ಮೇಲಿನ ಕೆಳದಿಯವರಿಗೂ ಹತ್ತಿತು. ಶಿವಪ್ಪ ನಾಯಕ 1652ರಿಂದ 1654ರೊಳಗೆ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರಿನ ಕೋಟೆಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದ. ಬೇಕಾದಾಗ ಅಕ್ಕಿ ಬಿಡುವುದು, ಸಿಟ್ಟು ಬಂದಾಗ ತಡೆಯುವುದು, ಗೋವೆಯ ಮೂಗುದಾರ ಹಿಡಿದ ಹಾಗೆ. ಹೊಟ್ಟೆ ಸೋತವರು 1671ರಲ್ಲಿ, ಮತ್ತೆ 1678ರಲ್ಲಿ ಒಪ್ಪಂದಕ್ಕೆ ಬಂದರು. ಈ ನಡುವೆ 1665ರ ಫೆಬ್ರುವರಿಯಲ್ಲಿ ಶಿವಾಜಿ ಮಹಾರಾಜರು ಮಾಲವಣದಿಂದ ಹಡಗುಗಳ ದಂಡಿನೊಂದಿಗೆ ಬಂದು ಬಸ್ರೂರನ್ನು ಸೂರೆ ಮಾಡಿ, ಹಿಂದೆ ಹೋಗುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮುಗಿಸಿಕೊಂಡು ಹೋದರು. ಸೂರೆ ಹೋಗುವಷ್ಟು ಸಂಪತ್ತು ಆ ಊರಲ್ಲಿತ್ತು. ಈಗ ಬಸ್ರೂರಿಗೆ ಹೋದರೆ ಮೂಡುಕೇರಿ, ಪಡುಕೇರಿ ಎಂಬ ಹಳೆಯ ಹೆಸರುಗಳಿವೆ, ಮಹಾಲಿಂಗೇಶ್ವರನಿದ್ದಾನೆ, ಹೊಳೆ ತನ್ನ ಪಾಡಿಗಿದೆ. ಕೋಟೆ ಹುಡುಕಲು ಹೋದವರಿಗೆ ಬಸ್ಸಿನ ಖರ್ಚು ದಂಡ. ಅತ್ತ ಬ್ರಹ್ಮಾವರದ ಕಡೆಯ ಸೂರಾಲಿನಲ್ಲಿ ತೊಳಹ ಅರಸರ ಅರಮನೆ ಬರೀ ಮಣ್ಣಿನದು. ಅದು ಇನ್ನೂ ನಿಂತಿದೆ.

"ಮಾವ, ಇದನ್ನೆಲ್ಲ ಬರೆದರೆ ನಾಲ್ಕು ಅಂಕಕ್ಕೆ ನಾಲ್ಕು ಪುಟ ಆಗುತ್ತೆ" ಎಂದಳು ಹುಡುಗಿ. ನನಗೆ ಹರಟೆಯ ಸುತ್ತು ಹತ್ತಿತ್ತು. ಇಂಗ್ಲಿಷರನ್ನು ಬಿಟ್ಟುಬಿಡಲೇ? 1860ರಲ್ಲಿ ಕೆನರಾ ಜಿಲ್ಲೆಯನ್ನು ಎರಡು ಮಾಡಿ ಕುಂದಾಪುರವನ್ನು ಉತ್ತರದ ಭಾಗಕ್ಕೆ ಹಾಕಿದರು. 1862ರಲ್ಲಿ ಆ ಉತ್ತರ ಕೆನರಾವನ್ನು ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಕೊಟ್ಟರು. ಯಾಕೆ? ಧಾರವಾಡದ ಹತ್ತಿ ಕಾರವಾರದ ಬಂದರಿನಲ್ಲಿ ಇಳಿದು ಮ್ಯಾಂಚೆಸ್ಟರಿನ ಗಿರಣಿಗೆ ಹೋಗಬೇಕಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿತ್ತು. ಹತ್ತಿ ಬೆಳೆಯದ ಕುಂದಾಪುರವನ್ನು ಮಾತ್ರ ಬಿಡಿಸಿ ದಕ್ಷಿಣ ಕೆನರಾಕ್ಕೆ ಸೇರಿಸಿದರು. ಶಿರೂರಿನಾಚೆ ಇವತ್ತಿಗೂ ಜಿಲ್ಲೆ ಬದಲಾಗುವುದು ಎಲ್ಲೋ ಲಂಕಾಷೈರಿನ ಮಗ್ಗ ನಿಂತ ಕಾರಣಕ್ಕೆ.

ಜಪಾನಿನದು ನಮ್ಮ ಕಥೆಗೆ ಇನ್ನೂ ಹತ್ತಿರ. 1895ರಲ್ಲಿ ತೈವಾನ್, 1910ರಲ್ಲಿ ಕೊರಿಯ ನುಂಗಿದಾಗ ಅರ್ಜಿಯಲ್ಲಿ ಬರೆದ ಉದ್ದೇಶ ನಾಗರಿಕತೆ, ರಕ್ಷಣೆ, ಗೌರವ. ಆದರೆ 1918ರಲ್ಲಿ ಜಪಾನಿನಲ್ಲಿ ಅಕ್ಕಿಯ ಬೆಲೆ ಏರಿ ಊರೂರಲ್ಲಿ ದಂಗೆಯೆದ್ದು ಸರಕಾರವೇ ಬಿತ್ತು. ಅದರ ಬೆನ್ನಿಗೇ ಕೊರಿಯದಲ್ಲಿ ಭತ್ತ ಹೆಚ್ಚು ಬೆಳೆಸುವ ಯೋಜನೆ ಬಂತು. ಬೆಳೆದ ಅಕ್ಕಿ ಜಪಾನಿಗೆ ಹಡಗು ಹತ್ತಿತು, ಬೆಳೆದವರು ಮಂಚೂರಿಯದ ನವಣೆ ತಿಂದರು. ಏರುತ್ತಿರುವ ದೇಶಕ್ಕೆ ಧ್ವಜ ಎಷ್ಟು ಮುಖ್ಯವೋ ಗೊತ್ತಿಲ್ಲ, ಅನ್ನದ ಪಾತ್ರೆಯಂತೂ ಮುಖ್ಯ.

ಹೊಟ್ಟೆಗಾಗಿ ಹೊರಟವರೆಲ್ಲ ಕೋಟೆಯನ್ನೇ ಕಟ್ಟುತ್ತಾರೆಂದಲ್ಲ. ಕೋಟ, ಸಾಲಿಗ್ರಾಮ, ಕುಂದಾಪುರದವರು ಊರು ಬಿಟ್ಟದ್ದೇನು ಕಡಿಮೆಯೇ? ತುಂಡು ಗದ್ದೆ, ಮನೆ ತುಂಬ ಗಂಡುಮಕ್ಕಳು. ಪೋರ್ಚುಗಲ್ಲಿನ ಜಹಗೀರುದಾರರ ಕಿರಿಯ ಮಕ್ಕಳದೂ ಇದೇ ಅವಸ್ಥೆ, ಆಸ್ತಿಯೆಲ್ಲ ಹಿರಿಯನಿಗೆ. ಅವರು ಕತ್ತಿ ಹಿಡಿದು ಗೋವೆಗೆ ಬಂದರು. ನಮ್ಮವರು ಸೌಟು ಹಿಡಿದು ಬೆಂಗಳೂರಿಗೆ ಹೋದರು. ಪಾರಂಪಳ್ಳಿಯ ಮಯ್ಯರು 1924ರಲ್ಲಿ ಅಲ್ಲಿ ಇಟ್ಟ ಒಲೆ ಎಂ.ಟಿ.ಆರ್. ಆಯಿತು. ಸಾಲಿಗ್ರಾಮದ ಉರಾಳರು ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. 'ಇಡೀ ಬೆಂಗಳೂರನ್ನೇ ನಿಮ್ಮವರು ಹಿಡಿದಿದ್ದಾರಲ್ಲ ಮಾರಾಯ್ರೆ' ಎಂದು ಸ್ನೇಹಿತರು ಚೇಷ್ಟೆ ಮಾಡುವುದುಂಟು. ಹಿಡಿದದ್ದು ಹೌದು. ಆದರೆ ದೋಸೆ ಬೇಡವೆಂದವನ ಹಡಗನ್ನು ನಮ್ಮವರು ಮುಳುಗಿಸಲಿಲ್ಲ. ವ್ಯತ್ಯಾಸ ಅಷ್ಟೇ. ಅಷ್ಟೇ ಎಂದರೂ ಸಣ್ಣದಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಹುಡುಗಿ ನಾಲ್ಕು ಕಾರಣ ನಾಲ್ಕು ಸಾಲಿನಲ್ಲಿ ಬರೆದು ಪುಸ್ತಕ ಮುಚ್ಚಿದಳು. ಜಾಣೆ. ಅಮ್ಮ ಅಕ್ಕಿಯನ್ನು ಗೆರಸಿಯಿಂದ ಬಟ್ಟೆಯ ಚೀಲಕ್ಕೆ ಸುರಿದು ಬಾಯಿ ಕಟ್ಟತೊಡಗಿದಳು. ಆಗ ನನಗೆ ಹೊಳೆಯಿತು, ಈ ಅಕ್ಕಿ ರಾತ್ರಿಯ ಗಂಜಿಗಲ್ಲ. ಅಣ್ಣನ ಮಗ ಮಸ್ಕತ್ತಿನಲ್ಲಿದ್ದಾನೆ. ಅವನ ರೂಮಿನ ಹುಡುಗನೊಬ್ಬ ರಜೆ ಮುಗಿಸಿ ನಾಳಿದ್ದು ಗಂಗೊಳ್ಳಿಯಿಂದ ಹೊರಡುವವನಿದ್ದ. ಅಲ್ಲಿ ಎಲ್ಲ ಅಕ್ಕಿಯೂ ಸಿಗುತ್ತದೆ ಎಂದು ಮೊಮ್ಮಗ ಫೋನಿನಲ್ಲಿ ಎಷ್ಟು ಸಲ ಹೇಳಿದ್ದಾನೋ. ಅವಳ ಪ್ರಶ್ನೆ ಮಾತ್ರ ಬದಲಾಗಿಲ್ಲ: "ಅಲ್ಲ್ ನೀ ಉಂಬುದ್ ಎಂತ?"

ನಮ್ಮ ಗದ್ದೆ ಹಡಿಲು ಬಿದ್ದು ಹನ್ನೆರಡು ವರ್ಷ. ಈ ಅಕ್ಕಿಯೂ ಅಂಗಡಿಯದೇ. ಆದರೂ ಬಸ್ರೂರಿನ ಹೊಳೆಯಿಂದ ಮಸ್ಕತ್ತಿಗೆ ಅಕ್ಕಿ ಹೋಗುವುದು ನಿಂತಿಲ್ಲ ಎಂದಾಯಿತು. ತಕ್ಕಡಿ ತಂದು ತೂಗಿದೆ. ಐದು ಕಿಲೋ ಇನ್ನೂರು ಗ್ರಾಂ. ವಿಮಾನದವರ ಲಗೇಜಿನ ಲೆಕ್ಕ ಬಿಗಿ, ಆ ಹುಡುಗ ಐದಕ್ಕಿಂತ ಹೆಚ್ಚು ಬೇಡ ಎಂದು ಮೊದಲೇ ಹೇಳಿದ್ದ. ಇನ್ನೂರು ಗ್ರಾಂ ತೆಗೆಯಲು ಕೈ ಹಾಕಿದೆ. ಅಮ್ಮ ನನ್ನ ಕೈ ತಟ್ಟಿ ಚೀಲವನ್ನು ತನ್ನ ಕಡೆ ಎಳೆದುಕೊಂಡಳು.